ಹದಿಮೂರನೇ ವರ್ಷದ ಫ್ರಾಕು

ಠಾಣೆಯ ಕೋಪರಿಯಲ್ಲಿನ ವಿಷ್ಣುಮೂರ್ತಿಯವರ ಹೋಟೆಲಿನಲ್ಲಿ ಬೆಳಗಿನ ಜಾವ ಇಡ್ಲಿಗಿಂತ ಮೊದಲು ಬೇಯುವವರು ಕೆಲಸದವರು. ಸಾಲಾಗಿ ನಿಂತು ಕೈ ಮುಂದೆ ಚಾಚಬೇಕು. ಉಗುರಿನಲ್ಲಿ ಕೊಳೆ ಕಂಡರೆ ಆ ದಿನ ಅಡುಗೆಮನೆಗೆ ಪ್ರವೇಶವಿಲ್ಲ. ಒಮ್ಮೆ ಅಡುಗೆಯ ಗುಂಡಣ್ಣ ಬಡಿಸುವ ಸೌಟಿನಿಂದಲೇ ರುಚಿ ನೋಡಿ, ಅದನ್ನೇ ಮತ್ತೆ ಕೊಪ್ಪರಿಗೆಗೆ ಅದ್ದಿದ್ದ. ಮಧ್ಯಾಹ್ನದ ಗಿರಾಕಿಗಳು ಬಾಗಿಲಲ್ಲಿ ನಿಂತಿರುವಾಗ ಮಾಲೀಕ ಸೇಟ್ರು ನಲವತ್ತು ಲೀಟರ್ ಸಾಂಬಾರನ್ನು ಮೋರಿಗೆ ಸುರಿಸಿದರು. ಅಂದು ಗುಂಡಣ್ಣ ಹಲ್ಲು ಕಚ್ಚಿಕೊಂಡು ಇಟ್ಟ ಹೆಸರು 'ಹಿಟ್ಲರ್'. ಅದು ಅಡುಗೆಮನೆಯಿಂದ ಟೇಬಲ್ಲುಗಳಿಗೆ, ಟೇಬಲ್ಲುಗಳಿಂದ ಸ್ಟೇಷನ್ ರಸ್ತೆಗೆ ಹಬ್ಬಿ 'ಹಿಟ್ಲರ್ ಅಣ್ಣ' ಆಯಿತು. ವಿಷ್ಣುಮೂರ್ತಿಯವರಿಗೆ ಸಿಟ್ಟು ಬರಲಿಲ್ಲ. ಒಳಗೊಳಗೇ ಹಿಗ್ಗಿದರು. ಹಿಟ್ಲರ್ ಎಂದರೆ ಶಿಸ್ತು, ಶಿಸ್ತು ಎಂದರೆ ತಾನು. ಹೊಗಳಿಕೆ ಯಾರಿಗೆ ಬೇಡ ಹೇಳಿ?

ಆ ಹೋಟೆಲಿನಲ್ಲಿ ಕಿಟಕಿಯ ಪಕ್ಕದ ಟೇಬಲ್ಲು ಬೆಳಗ್ಗೆ ಎಂಟಕ್ಕೆ ಒಬ್ಬರಿಗೇ ಮೀಸಲು. ಅವರು ತಳಕರ್ ಬಾಯಿ. ಎಂಬತ್ತನಾಲ್ಕು ವರ್ಷದ, ನೆಟ್ಟಗೆ ನಡೆಯುವ, ನೂಲಿನ ಸೀರೆಯ ಹೆಂಗಸು. ವಿಷ್ಣುಮೂರ್ತಿ ಹನ್ನೆರಡನೇ ವಯಸ್ಸಿನಲ್ಲಿ ಉಡುಪಿ ಕಡೆಯಿಂದ ಬಂದು ಇದೇ ಓಣಿಯಲ್ಲಿ ಲೋಟ ತೊಳೆಯುತ್ತಿದ್ದಾಗ, ಹೋಟೆಲು ಹುಡುಗರ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿಸಿದವರು. ಮರಾಠಿಯಲ್ಲಿ ಟೀಚರಿಗೆ 'ಬಾಯಿ' ಎನ್ನುತ್ತಾರೆಂದು ಆ ಹುಡುಗನಿಗೆ ಗೊತ್ತಿರಲಿಲ್ಲ. ಮೊದಲ ದಿನ "ಬಾಯಿ ಬಂದ್ರು" ಎಂದಾಗ ಹಲ್ಲು ಕೀಳುವ ಡಾಕ್ಟರೆಂದು ಹೆದರಿ ಬೆಂಚಿನಡಿ ಕೂತಿದ್ದ. ಬಾಯಿ ಆ ಕಥೆಯನ್ನು ಐವತ್ತು ವರ್ಷದಿಂದ ಹೇಳಿ ನಗುತ್ತಾರೆ. ಇಂದು ವಿಷ್ಣುಮೂರ್ತಿ ಲೈಸನ್ಸಿನ ಕಾಗದ ತಾವೇ ಓದಿ ಸಹಿ ಹಾಕುತ್ತಾರೆಂದರೆ ಅದು ಈ ಹೆಂಗಸಿನ ಪುಣ್ಯ.

ಬಾಯಿ ಬೆನೆ ಇಸ್ರೇಲ್ ಜನ, ಯಹೂದಿಗಳು. ಕೊಂಕಣದ ಹಳ್ಳಿಗಳಲ್ಲಿ ಗಾಣ ತಿರುಗಿಸಿ ಎಣ್ಣೆ ತೆಗೆಯುತ್ತಿದ್ದ ಆ ಜನ ಶನಿವಾರ ಮಾತ್ರ ಗಾಣ ಮುಟ್ಟುತ್ತಿರಲಿಲ್ಲ. ಹಾಗಾಗಿ ಊರವರು ಅವರನ್ನು 'ಶನಿವಾರ್ ತೇಲಿ', ಶನಿವಾರದ ಗಾಣಿಗರು, ಎಂದು ಕರೆದರು. ಈಗಲೂ ಬಾಯಿ ಶನಿವಾರ ಬರುವುದಿಲ್ಲ, ಅಂದು ಆ ಟೇಬಲ್ಲು ಖಾಲಿ. ಡೊಂಬಿವಲಿಯ ಕಾರ್ಖಾನೆ ಪ್ರದೇಶ ಎಂಐಡಿಸಿಯಲ್ಲಿ ಎರಡನೇ ಹೋಟೆಲು ತೆರೆಯುವುದೆಂದು ನಿಶ್ಚಯವಾದಾಗ ಭಟ್ಟರು ಶನಿವಾರದ ಮುಹೂರ್ತ ತೆಗೆದರು. ವಿಷ್ಣುಮೂರ್ತಿ ಒಪ್ಪಲಿಲ್ಲ. ರಿಬ್ಬನ್ ಕತ್ತರಿಸುವವರು ಬಾಯಿ, ಬಾಯಿ ಶನಿವಾರ ಎಲ್ಲಿಗೂ ಹೊರಡುವವರಲ್ಲ. ಅರ್ಧ ತಾಸು ವಾದ ಮಾಡಿ ಮರುದಿನಕ್ಕೆ, ಜನವರಿ ಇಪ್ಪತ್ತಾರರ ಭಾನುವಾರಕ್ಕೆ ಹಾಕಿಸಿಕೊಂಡರು. ಇಷ್ಟು ಸೂಕ್ಷ್ಮ ನೋಡಿದ ಮನುಷ್ಯ ಬೋರ್ಡಿನ ವಿಷಯದಲ್ಲಿ ಮಾತ್ರ ಎಡವಿದರು.

ಬೋರ್ಡು ಮಗ ಅಭಯನ ಐಡಿಯಾ. ಅವನು ಜಾಹೀರಾತು ಕಂಪೆನಿಯ ಕೆಲಸದವನು, ಠಾಣೆಯಲ್ಲೇ ಹುಟ್ಟಿದವನು, ಅವನ ಬಾಯಲ್ಲಿ ಕನ್ನಡವೂ ಹಿಂದಿಯೂ ಒಂದೇ ಪಾತ್ರೆಯಲ್ಲಿ ಕುದಿಯುತ್ತವೆ. 'ಹಿಟ್ಲರ್ ಅಣ್ಣ ಉಡುಪಿ' ಎಂಬ ಕೆಂಪು ಅಕ್ಷರ, ಬಾಣಸಿಗನ ಟೊಪ್ಪಿ, ಅದರಡಿ ಬೆರಳಗಲದ ಕಪ್ಪು ಮೀಸೆ. ಒಮ್ಮೆ ನೋಡಿದವರು ಮರೆಯಬಾರದು ಎಂಬುದು ಅವನ ಲೆಕ್ಕ. ಅವನ ಒಂಬತ್ತು ವರ್ಷದ ಮಗಳು ಅಮೂಲ್ಯಾ ಕಪ್ಪು ಟೇಪಿನ ತುಂಡನ್ನು ಮೂಗಿನ ಕೆಳಗೆ ಅಂಟಿಸಿಕೊಂಡು ಅಜ್ಜನ ಹಾಗೆ ಉಗುರು ಪರೀಕ್ಷೆ ಮಾಡಿ ತೋರಿಸಿದಳು. ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮರುದಿನ ಬೆಳಗ್ಗೆ ಅಭಯ್ ಆಗಲೇ ಏರಿಸಿದ್ದ ಆ ಬೋರ್ಡಿನ ಫೋಟೋವನ್ನು ಮೊಬೈಲಿನಲ್ಲಿ ಬಾಯಿಗೆ ತೋರಿಸಿದ. ಬಾಯಿ ಕನ್ನಡಕ ಸರಿಮಾಡಿಕೊಂಡು ಒಮ್ಮೆ ನೋಡಿದರು. ಮೊಬೈಲನ್ನು ಮೆಲ್ಲಗೆ ಟೇಬಲ್ಲಿನ ಮೇಲೆ ಕವುಚಿ ಇಟ್ಟರು. ಬರುತ್ತೇನೆ ಎಂದು ಎದ್ದು ಹೋದರು. ಲೋಟದಲ್ಲಿ ಅರ್ಧ ಕಾಫಿ ಹಾಗೇ ಇತ್ತು. ಐವತ್ತು ವರ್ಷದಲ್ಲಿ ಬಾಯಿ ಕಾಫಿ ಬಿಟ್ಟು ಎದ್ದದ್ದಿಲ್ಲ.

ಮರುದಿನ ಎಂಟಕ್ಕೆ ಕಿಟಕಿಯ ಟೇಬಲ್ಲು ಖಾಲಿ. ಅದರ ಮರುದಿನವೂ ಖಾಲಿ. ವಿಷ್ಣುಮೂರ್ತಿ ಫೋನ್ ಮಾಡಿದಾಗ ಬಾಯಿ ಸೌಮ್ಯವಾಗಿಯೇ ಹೇಳಿದರು: ಆರೋಗ್ಯ ಚೆನ್ನಾಗಿದೆ, ಆದರೆ ಡೊಂಬಿವಲಿಗೆ ಬರಲಾಗುವುದಿಲ್ಲ, ರಿಬ್ಬನ್ ಬೇರೆಯವರ ಕೈಯಲ್ಲಿ ಕತ್ತರಿಸು.

ರಾತ್ರಿ ವಿಷ್ಣುಮೂರ್ತಿ ಊಟ ಅರ್ಧಕ್ಕೇ ಬಿಟ್ಟು ಎದ್ದರು. "ದಾನೆ ಆಂಡ್?" ಎಂದು ಹೆಂಡತಿ ವೇದಾವತಿ ಕೇಳಿದರು, ಏನಾಯಿತೆಂದು. ಮನೆಯ ಮಾತು ತುಳು. ಅಷ್ಟೂ ಕೇಳಿಸಿಕೊಂಡು ಅವರು ಹಣೆ ಚಚ್ಚಿಕೊಂಡರು. ಹಿಟ್ಲರ್ ಯಾರನ್ನು ಕೊಂದನೆಂದು ಶಾಲೆಯಲ್ಲಿ ಓದಿಲ್ಲವೇ, ಬಾಯಿ ಯಾವ ಜನವೆಂದು ಗೊತ್ತಿಲ್ಲವೇ ಎಂದರು. ಎರಡೂ ಗೊತ್ತಿತ್ತು. ಒಂದು ಪುಸ್ತಕದಲ್ಲಿತ್ತು, ಇನ್ನೊಂದು ಕಿಟಕಿಯ ಪಕ್ಕ ಕಾಫಿ ಕುಡಿಯುತ್ತಿತ್ತು. ಎರಡನ್ನೂ ಸೇರಿಸಿ ನೋಡಿದವರು ಆ ಮನೆಯಲ್ಲಿ ಯಾರೂ ಇರಲಿಲ್ಲ, ವೇದಾವತಿಯವರೂ ಸೇರಿದಂತೆ. ಮೊನ್ನೆ ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ.

ಅಭಯ್ ಸುಲಭಕ್ಕೆ ಸೋಲುವವನಲ್ಲ. ಅದು ಬರೀ ಜೋಕು, ನಮಗೇನು ಕೆಟ್ಟ ಮನಸ್ಸಿಲ್ಲ, ಆ ಕಥೆ ಎಲ್ಲೋ ಯುರೋಪಿನದ್ದು, ಬಾಯಿಯ ಮನೆಯವರು ಕೊಂಕಣದವರು, ಅವರಿಗೆ ಏನೂ ಆಗಿಲ್ಲವಲ್ಲ ಎಂದ. ತಾನೇ ಬಂದು ಬಾಯಿಗೆ ವಿವರಿಸುತ್ತೇನೆ ಎಂದೂ ಹೇಳಿದ. ಹಾಗೆ ಮರುದಿನ ಸಂಜೆ ಅಪ್ಪ ಮಗ ಇಬ್ಬರೂ ಎರಡು ಓಣಿ ಆಚೆಗಿನ ಹಳೆಯ ಕಟ್ಟಡದ ಮೆಟ್ಟಿಲು ಹತ್ತಿದರು.

ಬಾಯಿ ಮುನಿಸು ತೋರಿಸಲಿಲ್ಲ. ಹಿಂದಿನ ದಿನ ಮನೆಯಲ್ಲಿ ಅವರ ಜನರ ಮಲೀದಾ ಹರಕೆಯಿತ್ತಂತೆ. ತೆಂಗಿನಕಾಯಿ, ಸಕ್ಕರೆ ಬೆರೆಸಿದ ಅವಲಕ್ಕಿ ತಟ್ಟೆಗೆ ಹಾಕಿ ಕೊಟ್ಟರು. ವಿಷ್ಣುಮೂರ್ತಿಗೆ ಅದು ಅಷ್ಟಮಿಯ ಸಿಹಿ ಅವಲಕ್ಕಿಯ ರುಚಿಯೇ ಅನ್ನಿಸಿತು. ಅಭಯ್ ತನ್ನ ವಾದವನ್ನೆಲ್ಲ ಮುಂದಿಟ್ಟ. ಬಾಯಿ ಪೂರ್ತಿ ಕೇಳಿದರು. ಆಮೇಲೆ ಮರಾಠಿಯಲ್ಲಿ, ಪಾಠ ಹೇಳುವ ಅದೇ ನಿಧಾನದಲ್ಲಿ ಮಾತಾಡಿದರು.

"ನೀನು ಹೇಳಿದ್ದು ಸರಿ ಮಗಾ. ನಮ್ಮನ್ನು ಈ ನೆಲದಲ್ಲಿ ಯಾರೂ ಹೊಡೆಯಲಿಲ್ಲ. ಅದು ನಮ್ಮ ಭಾಗ್ಯ. ಆದರೆ ನಾನು ಯಾರ ಬಟ್ಟೆ ಹಾಕಿಕೊಂಡು ಬೆಳೆದೆ ಗೊತ್ತಾ?"

ಎದ್ದು ಹೋಗಿ ಕಪಾಟಿನಿಂದ ಒಂದು ಫ್ರಾಕು ತಂದರು. ತಿಳಿನೀಲಿ ಬಣ್ಣ ಮಾಸಿತ್ತು, ಕಾಲರಿನ ಕಸೂತಿ ಗಟ್ಟಿಯಾಗಿತ್ತು. ಬಾಯಿ ಹುಟ್ಟುವ ಮೊದಲೇ ಅವರ ಮನೆಯ ಒಂದು ಕೋಣೆಯಲ್ಲಿ ವಿಯೆನ್ನಾದಿಂದ ತಪ್ಪಿಸಿಕೊಂಡು ಬಂದ ನರ್ಸ್ ಒಬ್ಬಳು ಬಾಡಿಗೆಗಿದ್ದಳು. ಎಲ್ಲರಿಗೂ ಅವಳು ಲೋಟಿ ಮಾವಶಿ, ಎಂದರೆ ಚಿಕ್ಕಮ್ಮ. ಹಡಗಿನ ಪರವಾನಗಿ ಒಬ್ಬಳಿಗೇ ಸಿಕ್ಕಿತ್ತು. ಇನ್ನೂ ಆರು ತುಂಬದ ಮಗಳನ್ನು ಅಜ್ಜಿಯ ಹತ್ತಿರ ಬಿಟ್ಟು ಬಂದಿದ್ದಳು, ಕಾಗದ ಸಿಕ್ಕ ಕೂಡಲೇ ಕರೆಸಿಕೊಳ್ಳಲು. ಅಷ್ಟರಲ್ಲಿ ಯುದ್ಧ ಶುರುವಾಯಿತು. ಮಾವಶಿ ಪ್ರತಿ ವರ್ಷ ಮಗಳ ಹುಟ್ಟುಹಬ್ಬಕ್ಕೆ ಒಂದು ಫ್ರಾಕು ಹೊಲಿದಿಟ್ಟಳು. ಮಗು ಬಂದಿಳಿದ ದಿನ ಅಳತೆಗೆ ಸರಿಯಾದದ್ದು ಇರಬೇಕಲ್ಲ, ಅದಕ್ಕೆ. ಆರು ವರ್ಷದ್ದು, ಏಳರದ್ದು, ಎಂಟರದ್ದು, ಹೀಗೆ ಹನ್ನೆರಡರವರೆಗೆ ಏಳು ಫ್ರಾಕು. ಯುದ್ಧ ಮುಗಿದ ಮೇಲೆ ಒಂದು ಕಾಗದ ಬಂತು. ಅಜ್ಜಿಯನ್ನೂ ಮಗುವನ್ನೂ ರೈಲು ಹತ್ತಿಸಿ ಕರೆದೊಯ್ದು ಕೊಂದಿದ್ದರು.

"ಆಗ ಆ ಹುಡುಗಿಗೆ ಒಂಬತ್ತು," ಎಂದರು ಬಾಯಿ. "ಹತ್ತರದ್ದು, ಹನ್ನೊಂದರದ್ದು, ಹನ್ನೆರಡರದ್ದು ಹೊಲಿಯುವಾಗ ಮಗು ಇರಲೇ ಇಲ್ಲ. ಮಾವಶಿ ಏಳನ್ನೂ ತಂದು ನನ್ನ ಅಮ್ಮನ ಕೈಗಿಟ್ಟಳು. ವರ್ಷಕ್ಕೊಂದರಂತೆ ನಾನು ಹಾಕಿಕೊಂಡೆ."

ಅಭಯ್ ಒಂಬತ್ತು ಎಂಬ ಮಾತಿಗೇ ತಲೆ ತಗ್ಗಿಸಿದ್ದ. ಮೊಬೈಲನ್ನು ಕಿಸೆಗೆ ಹಾಕಿಕೊಂಡ. ಮೂಗಿನ ಕೆಳಗೆ ಕಪ್ಪು ಟೇಪು ಅಂಟಿಸಿಕೊಂಡು ನಕ್ಕ ಮಗಳ ಮುಖ ಅವನ ಕಣ್ಣ ಮುಂದೆಯೇ ಇತ್ತು.

ವಿಷ್ಣುಮೂರ್ತಿ ಮಾತ್ರ ಮಕ್ಕಳ ಹಾಗೆ ತೊದಲಿದರು. "ಬಾಯಿ, ನಾನು ಶಿಸ್ತು ಅಂತ ತಿಳ್ಕೊಂಡಿದ್ದೆ. ಅವನ ಶಿಸ್ತು."

"ಶಿಸ್ತು ಇತ್ತು ವಿಷ್ಣೂ. ಹೆಸರು ಬರೆದು, ಪಟ್ಟಿ ಮಾಡಿ, ರೈಲು ಹೊರಡಿಸಿ ಕೊಂದರು. ನೀನು ನಲವತ್ತು ಲೀಟರ್ ಸಾಂಬಾರು ಚೆಲ್ಲಿದ್ದು ಯಾಕೆ? ಯಾರದೋ ಮಗುವಿನ ಹೊಟ್ಟೆ ಕೆಡಬಾರದು ಅಂತ. ಅವನಿಗೂ ನಿನಗೂ ಏನು ಸಂಬಂಧ? ನಾನು ಕಲಿಸಿದ ಹುಡುಗನನ್ನು ಆ ಹೆಸರಿಗೆ ನಾನು ಬಿಟ್ಟುಕೊಡೋದಿಲ್ಲ."

ವಿಷ್ಣುಮೂರ್ತಿ ಅಲ್ಲೇ ಕಣ್ಣೊರೆಸಿಕೊಂಡರು. ಐವತ್ತು ವರ್ಷ ದುಡಿದು ಗಳಿಸಿದ ಮರ್ಯಾದೆ ಆ ಹೆಸರಿನಲ್ಲಿದೆ ಎಂದುಕೊಂಡಿದ್ದರು. ಅದು ಬಾಯಿಯ ಒಂದು ಮಾತಿನಲ್ಲಿತ್ತು.

ಮರುದಿನವೇ ಎಂಐಡಿಸಿಯ ಬೋರ್ಡು ಇಳಿಯಿತು. ಏಣಿ ಹತ್ತಿದವನು ಅಭಯ್. ಹೊಸ ಬೋರ್ಡಿನಲ್ಲಿ ಮೀಸೆಯಿಲ್ಲ, ಟೊಪ್ಪಿಯಿಲ್ಲ, 'ವಿಷ್ಣುಮೂರ್ತಿ ಉಡುಪಿ, ಶುದ್ಧ ಶಾಕಾಹಾರಿ' ಎಂದಷ್ಟೇ. ಭಾನುವಾರ ಬಾಯಿ ಬಂದು ರಿಬ್ಬನ್ ಕತ್ತರಿಸಿದರು. ಕಾಫಿ ಪೂರ್ತಿ ಕುಡಿದರು. ಕೆಲಸದವರಿಗೂ ಆ ಮಾತು ಹೇಳಬೇಕೆಂದು ವಿಷ್ಣುಮೂರ್ತಿ ಕೈಮುಗಿದಾಗ, ಇವತ್ತು ಮಂಗಳ ಕಾರ್ಯ, ನಾಳೆ ಹೇಳುತ್ತೇನೆ ಎಂದರು. ನಾಳೆ ಇಪ್ಪತ್ತೇಳು, ಸತ್ತ ಆ ಲಕ್ಷಾಂತರ ಜನರನ್ನು ಜಗತ್ತು ನೆನೆಯುವ ದಿನ.

ಸೋಮವಾರ ಮಧ್ಯಾಹ್ನ ಗಿರಾಕಿ ಕಮ್ಮಿಯಾದ ಹೊತ್ತಿಗೆ ಕೋಪರಿಯ ಹೋಟೆಲಿನ ಬಾಗಿಲು ಅರ್ಧ ಎಳೆದು ಎರಡೂ ಕಡೆಯ ಕೆಲಸದವರು ಕೂತರು. ಅಮೂಲ್ಯಾಳೂ ಅಪ್ಪನ ಪಕ್ಕ ಕೂತಿದ್ದಳು. ಬಾಯಿ ಒಂದು ಮೇಣದಬತ್ತಿ ಹಚ್ಚಿ, ಫ್ರಾಕನ್ನು ಟೇಬಲ್ಲಿನ ಮೇಲೆ ಹರಡಿ, ಮತ್ತೆ ಆ ಕಥೆ ಹೇಳಿದರು. ಕೊನೆಗೆ ಗುಂಡಣ್ಣ ಒಬ್ಬನೇ ಬಾಯಿಬಿಟ್ಟ. "ಮತ್ತೆ ಹದಿಮೂರರದ್ದು?" ಎಂದು ಕೇಳಿದ. ಕೇಳಿದ ಮೇಲೆ ತನಗೇ ಅರ್ಥವಾಗಿ ಟವೆಲಿನಲ್ಲಿ ಮುಖ ಮುಚ್ಚಿಕೊಂಡ.

ಆ ಹೆಸರು ಬೋರ್ಡಿನಿಂದ ಇಳಿದಷ್ಟು ಸುಲಭಕ್ಕೆ ಜನರ ನಾಲಿಗೆಯಿಂದ ಇಳಿಯಲಿಲ್ಲ. ಆದರೆ ವಿಷ್ಣುಮೂರ್ತಿ ಹಠವಾದಿ. ಹಾಗೆ ಕರೆದ ಒಬ್ಬೊಬ್ಬರ ಎದುರೂ ಕೂತು, ಐದು ನಿಮಿಷ ಕೇಳಿಕೊಂಡು ಫ್ರಾಕಿನ ಕಥೆ ಹೇಳಿದರು. ಸಾಂಬಾರಿಗಿಟ್ಟ ಶಿಸ್ತನ್ನೇ ಇದಕ್ಕೂ ಇಟ್ಟರು. ಭೇಷ್ ಅನ್ನಬೇಕು.

ಮೊನ್ನೆ ಜೂನಿನಲ್ಲಿ ಎಂಐಡಿಸಿಯ ಹೋಟೆಲಿಗೆ ಕೋಪರಿಯ ಹಳೆಯ ಗಿರಾಕಿ, ಈಗ ಅಲ್ಲಿನ ಕಾರ್ಖಾನೆಯಲ್ಲಿರುವ ರಿತೇಶ್ ಬಂದ. "ಹಿಟ್ಲರ್ ಅಣ್ಣ ಕಿಧರ್ ಹೈ?" ಎಂದು ಕೂಗಿದ. ಸೇಟ್ರು ವಾಶಿಯ ಮಾರ್ಕೆಟ್ಟಿಗೆ ಹೋಗಿದ್ದರು. ಅಡುಗೆಮನೆಯಲ್ಲಿ ಗ್ಯಾಸು ಆರಿದ ಸದ್ದಾಯಿತು. ಈಗ ಇಲ್ಲಿನ ಅಡುಗೆಗಿದ್ದ ಗುಂಡಣ್ಣ ಕೈ ಒರೆಸಿಕೊಳ್ಳುತ್ತ ಬಂದು ರಿತೇಶನ ಎದುರು ಕೂತ. ಸೇಟ್ರ ಮುಂದೆ ಎಂದೂ ಕೂರದ ಮನುಷ್ಯ.

"ಆ ಹೆಸರು ಇಟ್ಟವನು ನಾನೇ ಸಾಹೇಬ್ರೆ," ಎಂದ ತನ್ನ ಹರಕು ಹಿಂದಿಯಲ್ಲಿ. "ತಪ್ಪು ನಂದು. ಐದು ನಿಮಿಷ ಕೂತ್ಕೊಳ್ಳಿ."

ಹಡಗಿನ ವಿಷಯ ಹೇಳಿದ. ಪರವಾನಗಿಯ ವಿಷಯ ಹೇಳಿದ. ಫ್ರಾಕುಗಳನ್ನು ಬೆರಳು ಮಡಚಿ ಎಣಿಸಿದ, ಆರು, ಏಳು, ಎಂಟು. ಹನ್ನೆರಡಕ್ಕೆ ಬಂದು ನಿಲ್ಲಿಸಿದ.

ರಿತೇಶ್ ಕಾಯುತ್ತಿದ್ದ. "ಔರ್ ತೇರಹ್?" ಎಂದು ಕೇಳಿದ. ಹದಿಮೂರರದ್ದು?

ಗುಂಡಣ್ಣ ಕೈ ಬಿಚ್ಚಲಿಲ್ಲ. "ನಾನೂ ಅದನ್ನೇ ಕೇಳಿದ್ದೆ," ಎಂದ.