ಮೇಲಿನ ಕೋಣೆಗೊಂದು ಕೇಬಲ್

"ಸಿಕ್ತೇನ್ರೀ?" ಎಂದು ಅವಳು ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದಳು.

"ಇನ್ನೊಂಚೂರು ಬಿಡು," ಎಂದ ಗಂಡ, ಮೇಲಿನಿಂದ.

ನೀಲಿ ಕೇಬಲ್ಲು ಮೆಟ್ಟಿಲ ಕಂಬಿಯ ಪಕ್ಕದಲ್ಲೇ ಮೇಲಕ್ಕೆ ಸರಿಯಿತು. ಹತ್ತು ಮೀಟರ್ ಸಾಕು ಎಂದಿದ್ದ ಅಂಗಡಿಯವನು. ಸಾಲದೆ ಬಂದರೆ ಯಾರಿಗೆ ಹೇಳುವುದು ಎಂದು ಅವಳೇ ಹದಿನೈದು ಮೀಟರ್ ತಂದಿದ್ದಳು.

ಅವನು ಕಟ್ಟಡಗಳ ನಕ್ಷೆ ಬರೆಯುವವನು, ಅವಳು ಪುಸ್ತಕಗಳ ಕರಡು ತಿದ್ದುವವಳು. ಇಬ್ಬರಿಗೂ ಮನೆಯೇ ಆಫೀಸು. ತಿಂಡಿ ತಿಂದು ಅವನು ಮಹಡಿ ಹತ್ತಿದನೆಂದರೆ ಮತ್ತೆ ಊಟಕ್ಕೇ ಇಳಿಯುವುದು. ಜಗಳವೇ? ಅಯ್ಯೋ, ಜಗಳವಾಗಿದ್ದರೆ ಎಷ್ಟೋ ವಾಸಿಯಿತ್ತು! ಜಗಳ ಆಡುವುದಕ್ಕಾದರೂ ಎದುರಿನವರು ಬಾಯಿ ಬಿಡಬೇಕಲ್ಲ.

ಹೋದ ವಾರ ಅವಳ ಅಕ್ಕ ಫೋನ್ ಮಾಡಿದ್ದಳು. "ನಾನೂ ಒಬ್ಬಳೇ, ನೀನೂ ಒಬ್ಬಳೇ. ಗಂಡ ಇದ್ದಾನಲ್ಲ ಅನ್ಬೇಡ, ನಂಗೆಲ್ಲ ಗೊತ್ತು. ಪೂರ್ತಿಯಾಗಿ ನನ್ನ ಹತ್ರಾನೇ ಬಂದ್ಬಿಡು. ನಮ್ಮನೇಲಿ ಖಾಲಿ ಇರೋ ಕೋಣೇನ ಬೇರೆಯವ್ರು ಬಾಡಿಗೆಗೆ ಕೇಳ್ತಿದಾರೆ, ಬುಧವಾರ ಸಂಜೆ ಒಂದು ಮಾತು ಹೇಳ್ಬಿಡು."

ಇವತ್ತೇ ಬುಧವಾರ. ಅವಳಿಗೆ ಹೋಗುವ ಮನಸ್ಸಿರಲಿಲ್ಲ. 'ಹೋಗಬೇಡ' ಎಂದು ಗಂಡನ ಬಾಯಿಂದ ಬಂದರೆ ಸಾಕಿತ್ತು. "ಅಕ್ಕ ಕರೀತಿದಾಳೆ ರೀ" ಎಂದು ಊಟದ ಹೊತ್ತಿಗೆ ಮೂರು ಸಲ ಮಾತು ತೆಗೆದಳು. ಮೂರು ಸಲವೂ "ಹೋಗಿ ಬಾ" ಎಂದ, ತಟ್ಟೆಯಿಂದ ತಲೆಯೆತ್ತದೆ. ಎರಡು ದಿನದ ಮಟ್ಟಿಗೆ ಎಂದುಕೊಂಡಿರಬೇಕು, ಪುಣ್ಯಾತ್ಮ. ಅವನ ಮೇಜಿನ ಮೇಲೆ ಚೀಟಿ ಬರೆದಿಟ್ಟರೆ ಅದರ ಬೆನ್ನಿಗೆ ಯಾವುದೋ ಅಡುಗೆಮನೆಯ ಅಳತೆ ಗೀಚಿಕೊಂಡ. ಕಂಪ್ಯೂಟರಿನಲ್ಲಿ ಬಂದದ್ದನ್ನು ಮಾತ್ರ ಅವನು ಕಣ್ಣಲ್ಲಿ ಕಣ್ಣಿಟ್ಟು ಓದುತ್ತಾನೆ. ಅದಕ್ಕೇ ಈ ಕೇಬಲ್ಲಿನ ಉಪಾಯ.

"ಕರಡೆಲ್ಲ ಇಲ್ಲಿಂದಲೇ ನಿಮ್ಮ ಕಂಪ್ಯೂಟರಿಗೆ ಕಳಿಸ್ಬೋದಂತೆ. ಪ್ರಿಂಟಿಗೆ ಅಂತ ಪೆನ್ ಡ್ರೈವ್ ಹಿಡ್ಕೊಂಡು ಮೇಲೆ ಬಂದು ನಿಮಗೆ ತೊಂದ್ರೆ ಕೊಡೋದು ತಪ್ಪುತ್ತೆ" ಎಂದಿದ್ದಳು. ತೊಂದರೆ ತಪ್ಪುತ್ತದೆ ಎಂದದ್ದೇ ತಡ, ಒಪ್ಪಿಬಿಟ್ಟಿದ್ದ.

ಎರಡೂ ತುದಿ ಟಕ್ ಎಂದು ಕೂತವು, ಹಸಿರು ದೀಪ ಮಿಣುಕಿತು. ಅವನು ಕೆಳಗಿಳಿದು ಬಂದು ಅವಳ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತ.

"ಎರಡಕ್ಕೂ ಒಂದೊಂದು ನಂಬರು ಕೊಡ್ಬೇಕು. ನಂದು ಒಂದು, ನಿಂದು ಎರಡು. ಕರಡನ್ನ ಈ ಫೋಲ್ಡರಿಗೆ ಹಾಕು, ನಾನು ಪ್ರಿಂಟ್ ತೆಗೀತೀನಿ. ಫೈಲಿಗೆ ಹೆಸರು ಗಿಸರು ಬೇಡ, ಬರೀ ಪುಟದ ನಂಬರು. ನಂಬರಿಲ್ಲದ್ದನ್ನ ನಾನು ಮುಟ್ಟೋದೇ ಇಲ್ಲ."

ಅವನು ಒಟ್ಟಿಗೆ ಇಷ್ಟು ಮಾತಾಡಿ ಎಷ್ಟು ಕಾಲವಾಗಿತ್ತೋ! ಹೇಳಿದ್ದು ಏನೆಂದು ಅವಳ ತಲೆಗೇ ಹೋಗಲಿಲ್ಲ, ಪಕ್ಕದಲ್ಲಿ ಕೂತು ಹೇಳುತ್ತಿದ್ದಾನೆ ಎನ್ನುವುದೇ ದೊಡ್ಡದಾಯಿತು. ಹ್ಞೂಂ ಹ್ಞೂಂ ಎಂದು ತಲೆಯಾಡಿಸಿದಳು.

ಅವನು ಮೇಲೆ ಹೋದದ್ದೇ ಟೈಪ್ ಮಾಡಲು ಕೂತಳು. 'ಅಕ್ಕ ಪೂರ್ತಿಯಾಗಿ ಬಂದುಬಿಡು ಅಂತಿದ್ದಾಳೆ. ಇವತ್ತು ಸಂಜೆ ಹೇಳಬೇಕು. ನೀವು ಬೇಡ ಅಂದರೆ ಹೋಗಲ್ಲ. ಒಂದು ಸಲ ಅಂದುಬಿಡಿ.' ಊರವರ ಪುಟಗಟ್ಟಲೆ ತಪ್ಪು ತಿದ್ದುವವಳು ತನ್ನ ಈ ನಾಲ್ಕು ಮಾತನ್ನು ಹತ್ತು ಸಲ ತಿದ್ದಿದಳು. ಕಣ್ಣಿಗೆ ಬೀಳಲಿ ಎಂದು ಫೈಲಿಗೆ 'ಮಾತಾಡಬೇಕು' ಎಂದು ಹೆಸರಿಟ್ಟು ಅವನ ಫೋಲ್ಡರಿಗೆ ಹಾಕಿದಳು.

ಮೇಲೆ ಕುರ್ಚಿ ಸರಿಯಿತು. ಆಮೇಲೆ ಮೆಟ್ಟಿಲ ಮೇಲೆ ಹೆಜ್ಜೆ. ಅವಳು ಕೂದಲು ಸರಿಮಾಡಿಕೊಂಡಳು, ಈ ವಯಸ್ಸಿನಲ್ಲಿ!

"ಇವಳೇ, ನಿನ್ನ ಕಂಪ್ಯೂಟರಿಗೆ ವೈರಸ್ ಹತ್ತಿದೆ," ಎಂದ, ಗಾಬರಿಯಿಂದ. "ಕೇಬಲ್ ಹಾಕಿ ಅರ್ಧ ಗಂಟೆ ಆಗಿಲ್ಲ, ಆಗ್ಲೇ ಒಂದು ನನ್ನ ಕಡೆ ಬಂದ್ಬಿಟ್ಟಿತ್ತು. ಸದ್ಯ, ನೋಡ್ದೆ. ಅಳಿಸಿ ಹಾಕ್ದೆ."

"ಏನಿತ್ತು ಅದ್ರಲ್ಲಿ?"

"ಅಂಥದ್ದನ್ನ ಯಾರಾದ್ರೂ ತೆಗೆದು ನೋಡ್ತಾರಾ? 'ಮಾತಾಡಬೇಕು' ಅಂತೆ ಅದ್ರ ಹೆಸರು! ಹೇಗೆ ಬಲೆ ಬೀಸ್ತಾರೆ ನೋಡು. ಪಾಪ, ಯಾರೋ ಒಂಟಿಯಾಗಿರೋರಿಗೆ ಬಂದ್ರೆ ತೆಗೆದೇ ತೆಗೀತಾರೆ."

ನಾನೇ ಕಣ್ರೀ ಬರೆದದ್ದು ಎನ್ನಲು ಅವಳು ಬಾಯಿ ತೆರೆದಳು. ಹೇಳಿದರೆ ಅವನು 'ಬೇಡ, ಹೋಗಬೇಡ' ಎಂದೇನೋ ಅಂದಾನು. ಅಂಗಲಾಚಿ ಅನ್ನಿಸಿಕೊಂಡದ್ದನ್ನು ಇಟ್ಟುಕೊಂಡು ಏನು ಮಾಡುವುದು?

"ಕೇಬಲ್ ಕಿತ್ತುಬಿಡ್ಲಾ?" ಎಂದು ಕೇಳಿದ.

"ಕೀಳಿ."

ಅವನು ಕಿತ್ತು, ಎಲ್ಲೂ ಸಿಕ್ಕಾಗದಂತೆ ಅಚ್ಚುಕಟ್ಟಾಗಿ ಸುತ್ತಿ ಅವಳ ಕೈಗೆ ಕೊಟ್ಟ. "ಪೆನ್ ಡ್ರೈವೇ ವಾಸಿ. ನೀನು ಮೇಲೆ ಬಂದ್ರೆ ನಂಗೇನೂ ತೊಂದ್ರೆ ಇಲ್ಲ" ಎಂದು ಹೇಳಿ ಮೆಟ್ಟಿಲು ಹತ್ತಿದ.

ಅವಳು ಅವನ ಹಿಂದೆಯೇ ಎರಡು ಮೆಟ್ಟಿಲು ಹತ್ತಿದ್ದಳು, ಫೋನ್ ಬಡಿದುಕೊಂಡಿತು.

"ಏನಂದ್ನೇ ನಿನ್ನ ಗಂಡ?" ಎಂದಳು ಅಕ್ಕ.

ಉತ್ತರ ಕೊಡುವ ಮೊದಲೇ ಮೇಲಿನ ಕೋಣೆಯ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಫೋನಿನ ಮಾತು ಕೇಳಿಸಿದರೆ ಅವನಿಗೆ ಗೆರೆ ತಪ್ಪುತ್ತದೆ.

"ಬರ್ತೀನಿ ಅಕ್ಕ," ಎಂದಳು.

ಅಕ್ಕನಿಗೆ ಖುಷಿಯೋ ಖುಷಿ. ಮಂಚ ಗೋಡೆ ಪಕ್ಕ ಹಾಕಿಸಲೋ, ಕಿಟಕಿ ಪಕ್ಕವೋ ಎಂದು ಕೇಳಿದಳು.

"ಕಿಟಕಿ ಪಕ್ಕ," ಎಂದಳು ಅವಳು. ಅಕ್ಕನಿಗೆ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಿದಳು.