ಗೆರೆಯಾಚೆಯ ಒಂಟಿ ಚುಕ್ಕೆ

ಸಾಂಬ್ರಾಣಿ ಹೊಗೆ ಲ್ಯಾಪ್‌ಟಾಪಿನ ಪರದೆಯವರೆಗೂ ಬಂತು, ಸೋಮವಾರ, ಅವ್ವ ಮಾದಪ್ಪನ ಪಟಕ್ಕೆ ಬೆಳಗುತ್ತಿದ್ದಾಳೆ, ಹೊರಗೆ ಹಂಗಳದ ರಸ್ತೆಯಲ್ಲಿ ಲಾರಿ, ಹೊಗೆಯೊಳಗೆ ನನ್ನ ಗ್ರಾಫು, ಸೈನಿಕರ ಓಟದ ಪರೀಕ್ಷೆ, ಇಂಥ ಅಂಕಿಅಂಶ ಜಾಲಾಡುವುದೇ ನನ್ನ ಕೆಲಸ, ಒಬ್ಬೊಬ್ಬನಿಗೆ ಒಂದೊಂದು ಚುಕ್ಕೆ, ನಡುವೆ ಪಾಸಿನ ಗೆರೆ — ದಿಟವಾಗಿ ಅಳೆದಿದ್ದರೆ ಚುಕ್ಕೆಗಳು ಗೆರೆಯ ಎರಡೂ ಕಡೆ ಚೆಲ್ಲಿರಬೇಕು, ರಾಗಿ ಎರಚಿದ ಹಾಗೆ, ಇಲ್ಲಿ ನೋಡಿದರೆ ಈಚೆ ಗುಡ್ಡೆ, ಆಚೆ ಬಯಲು, ತುಸು ತಡವಾಗಿ ಬಂದವರನ್ನೆಲ್ಲ ಯಾರೋ ಈಚೆಗೆ ಎಳೆದುಕೊಂಡಿದ್ದಾರೆ, ಯಾರೋ ಏನು, ಸ್ಟಾಪ್‌ವಾಚು ಹಿಡಿದಿದ್ದವನು ನಾಗೇಂದ್ರ, ಆ ಬಯಲಲ್ಲಿ ಒಂದೇ ಒಂದು ಚುಕ್ಕೆ, ಊರಿಂದ ಹಾಕುತ್ತಿದ್ದ ಕಾಗದದ ಮೇಲೆ ಬರೆದೂ ಬರೆದೂ ಬಾಯಿಪಾಠವಾದ ಸೈನ್ಯದ ನಂಬರು, ನನ್ನ ರಂಗಣ್ಣ. ಕುದೇರಿನ ನಾಗೇಂದ್ರ, ಅಣ್ಣನ ಮೇಲಿನ ಸುಬೇದಾರ, ರಜೆಯಲ್ಲಿ ಹೆಣ್ಣು ಕೇಳಿಕೊಂಡು ನನ್ನನ್ನು ನೋಡಲು ಬಂದವನು ಇದೇ ಚಾಪೆಯ ಮೇಲೆ ಕೂತು, ಯಾರೂ ಹೂಂ ಅನ್ನುವ ಮೊದಲೇ ತಟ್ಟೆಯಿಂದ ಎಲೆ ಎತ್ತಿ ಸುಣ್ಣ ತೆಗೆದ, ಎಲೆ ಮೆದ್ದರೆ ಮದುವೆ ಮಾತು ಗಟ್ಟಿಯಾದ ಹಾಗೆ, ನಾನು ಬಂದು ತಟ್ಟೆ ಎತ್ತಿಕೊಂಡು ಒಳಗೆ ನಡೆದೆ, ಬ್ಯಾಡ ಕಣವ್ವ ಅಂದೆ, ಎಲ್ಲರಿಗೂ ಕೇಳಿತು, ಸುಣ್ಣ ಮೆತ್ತಿದ ಅವನ ಹೆಬ್ಬೆರಳು ಗಾಳಿಯಲ್ಲೇ ನಿಂತಿತ್ತು — ಅದೇ ಹೆಬ್ಬೆರಳು, ಅಣ್ಣ ಬಡ್ತಿಯ ಓಟದಲ್ಲಿ ಗೆರೆ ದಾಟಿದಾಗ, ವಾಚಿನ ಗುಂಡಿಯ ಮೇಲೆ ಸುಮ್ಮನೆ ನಿಂತಿತ್ತಂತೆ, ಆಮೇಲೆ ಒತ್ತಿ, ನಿನ್ ತಂಗಿ ಅಂದಂಗೇ ನಾನೂ ಅಂತೀನಿ ಕಣ್ಲಾ ರಂಗ, ಬ್ಯಾಡ. ಬಡ್ತಿ ತಪ್ಪಿತು, ಸೇವೆಯೂ ಬೇಗ ಮುಗಿಯಿತು, ಈಗ ಬಂಡೀಪುರದಲ್ಲಿ ಗೇಟು ಎತ್ತಿ ಇಳಿಸುತ್ತಾನೆ, ಬುಡು ಶಶಿ, ಮಾದಪ್ಪ ನೋಡ್ಕತಾನೆ, ನೋಡಿಕೊಂಡನಲ್ಲ ಅಣ್ಣ, ಹಳೆಯ ಅಂಕಿಗಳನ್ನು ತಪಾಸಣೆಗೆಂದು ನನ್ನ ಮುಂದೆಯೇ ತಂದು ಸುರಿದನಲ್ಲ, ವರದಿ ಹೋದರೆ ನಾಗೇಂದ್ರನ ಭುಜದ ಪಟ್ಟಿ ಕಳಚುತ್ತಾರೆ, ಗೆರೆಯೀಚೆಯ ಗುಡ್ಡೆಯ ಹುಡುಗರೂ ಮತ್ತೆ ಓಡಬೇಕು, ಪಾಪ, ಅವರಿಗೂ ತಂಗಿಯರಿದ್ದಾರು — ಓಡಲಿ, ನನ್ನಣ್ಣ ಓಡಲಿಲ್ಲವೇ, ಪಾಪ ಬಂದರೆ ನನ್ನ ತಲೆಗಿರಲಿ ಸ್ವಾಮಿ. ಪೂಜೆ ಆಯ್ತು, ಎಲೆಗೆ ಸುಣ್ಣ ಹಚ್ಕೊಡಮ್ಮಿ, ಹಚ್ಚಿಕೊಟ್ಟೆ, ಏನಮ್ಮಿ ಒಬ್ಳೇ ನಗ್ತೀಯ, ಏನಿಲ್ಲ ಕಣವ್ವ, ತಿರುಗಿ ಕೂತೆ, ವರದಿ ಕಳಿಸುವ ಗುಂಡಿ, ಅದರ ಮೇಲೆ ನನ್ನ ಹೆಬ್ಬೆರಳು, ಈಗಲೇ ಒತ್ತುವುದಿಲ್ಲ, ಅವನು ತಡೆದಷ್ಟು ಹೊತ್ತು ನಾನೂ ತಡೆಯುತ್ತೇನೆ, ಎಷ್ಟು ಹಿತ, ಅವನಿಗೂ ಇಷ್ಟೇ ಹಿತವಾಗಿತ್ತೇ, ಗುಂಡಿಗೆ ತಾಗಿದ ಬಿಳಿ ಚುಕ್ಕೆ, ಸುಣ್ಣ, ಹೆಬ್ಬೆರಳು, ಸುಣ್ಣ ಮೆತ್ತಿದ ಹೆಬ್ಬೆರಳು, ಗಾಳಿಯಲ್ಲೇ —