ಇಬ್ಬರು ಕೂರುವ ದೋಣಿ

ನಾನು ಒಂದು ದೋಣಿ. ಇಬ್ಬರಿಗೆ ಮಾತ್ರ ಜಾಗ. ಮರದಿಂದ ಆದದ್ದಲ್ಲ, ಮಲ್ಪೆ ಕಡೆಯ ಒಂದು ಶೆಡ್ಡಿನಲ್ಲಿ ಜೋಕಿಂ ಎಂಬ ಮುದುಕ ಗಾಜಿನ ನಾರಿನ ಮೇಲೆ ಅಂಟು ಬಳಿದು, ಅಚ್ಚಿನಲ್ಲಿ ಒಣಗಿಸಿ ನನ್ನನ್ನು ಎಬ್ಬಿಸಿದ. ಹಳದಿ ಬಣ್ಣ ಹೊಡೆದ. ಹೊಟ್ಟೆಗೆ ಎರಡೇಟು ಗುದ್ದಿ, ಸದ್ದು ಕೇಳಿ, "ಅಡ್ಡಿಲ್ಲ ಮಾರಾಯ" ಎಂದ.

ಮೊದಲು ಕೊಂಡವರು ಒಂದು ಹೋಟೆಲಿನವರು. ಹುಲ್ಲುಹಾಸಿನ ಮೇಲೆ ಇಟ್ಟರು. ಜನ ನನ್ನೊಳಗೆ ಕೂತು ಫೋಟೊ ತೆಗೆಸಿಕೊಂಡರು. ಅಲ್ಲಿದ್ದಷ್ಟು ದಿನವೂ ನೀರೆಂದರೆ ನನಗೆ ಮೇಲಿಂದ ಬೀಳುವ ಮಳೆ ಮಾತ್ರ. ಹೋಟೆಲು ಮುಚ್ಚಿದ ಮೇಲೆ ಹೊಸಕೋಡಿ ಕಾಂಡ್ಲಾವನದ ಶಿಬಿರಕ್ಕೆ ಬಂದೆ.

ಹೊಳೆ ಕಡಲು ಸೇರುವ ಮೊದಲು ಕವಲು ಕವಲಾಗಿ ಹರಡುವ ಜಾಗ ಅದು. ಉಪ್ಪುನೀರಲ್ಲೇ ಬೇರೂರಿದ ಕಾಂಡ್ಲಾ ಮರಗಳ ಕಾಡು, ದಂಡೆಯಲ್ಲಿ ಡೇರೆಗಳು. ದೋಣಿಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವಳು ಮಾದೇವಿ ಹರಿಕಂತ್ರ. ಬಂದವರಿಗೆ ಹುಟ್ಟು ಹಾಕಲು ಕಲಿಸುವವಳೂ ಅವಳೇ. ಕೆಳಗಿರುವ ನನಗೆ ಜನರ ಮುಖಕ್ಕಿಂತ ಮೊದಲು ಭಾರ ತಿಳಿಯುತ್ತದೆ. ಹೆದರಿದವರು ಬಿಗಿಯಾಗಿ ಕೂರುತ್ತಾರೆ, ಜಂಬದವರು ಒಂದು ಬದಿಗೆ ವಾಲುತ್ತಾರೆ.

ಒಂದು ಚಳಿಗಾಲ ಹುಬ್ಬಳ್ಳಿಯಿಂದ ಗುರುಸಿದ್ಧಪ್ಪ, ಶಾಂತವ್ವ ಎಂಬ ಗಂಡ ಹೆಂಡತಿ ಬಂದರು. ಮಗಳು ಗಿರಿಜಾ ಬಲವಂತ ಮಾಡಿ ಕರೆತಂದಿದ್ದಳು. ಆತ ಆಯುಷ್ಯವೆಲ್ಲ ಬಸ್ಸು ಓಡಿಸಿದವನು. ಪಾರ್ಶ್ವವಾಯು ಹೊಡೆದು ಎಡಗೈ ಸತ್ತಂತಾಗಿತ್ತು, ಎಡಗಾಲು ಎಳೆಯುತ್ತಿತ್ತು. ಅಂದಿನಿಂದ ಮನೆಯ ಹೊಸ್ತಿಲು ದಾಟಿರಲಿಲ್ಲವಂತೆ.

"ಹಿಂದೆ ಕೂತವ್ರು ದಿಕ್ಕು ನೋಡ್ಬೇಕು. ಅಮ್ಮ, ನೀವು ಹಿಂದೆ ಕೂತ್ಕಣಿ" ಎಂದಳು ಮಾದೇವಿ.

"ಈಕಿ ಸೈಕಲ್ ಸೈತ ಹೊಡದಾಕಿ ಅಲ್ಲ!" ಎಂದ ಗುರುಸಿದ್ಧಪ್ಪ. ಆದರೂ ಬೇರೆ ದಾರಿ ಇರಲಿಲ್ಲ. ಮುಂದೆ ಕೂತ.

ಹೊರಟ ಗಳಿಗೆಯಿಂದ ಅವನದು ಒಂದೇ ಕೂಗು. "ಎಡಕ್ಕ! ಎಡಕ್ಕ ಅಂದ್ರ ಎಡಕ್ಕ!" ಶಾಂತವ್ವ ಗಾಬರಿಯಲ್ಲಿ ಎಡಬದಿಗೇ ಹುಟ್ಟು ಹಾಕುವಳು, ನಾನು ಬಲಕ್ಕೆ ತಿರುಗುವೆ. ಹೀಗೆ ಸುತ್ತು ಹೊಡೆಯುತ್ತ ಜೊತೆಗೆ ಹೊರಟ ಉಳಿದ ದೋಣಿಗಳಿಂದ ತಪ್ಪಿ, ಒಂದು ಇಕ್ಕಟ್ಟಿನ ಕವಲಿಗೆ ನುಗ್ಗಿದೆವು. ಕಡಲಿನ ಇಳಿತ ಶುರುವಾಗಿತ್ತು. ನೀರು ಜಾರಿ, ನನ್ನ ತಳ ಬೇರಿನ ಮೇಲೆ ಕೂತುಬಿಟ್ಟಿತು.

"ಇಳದು ನೂಕತೀನಿ" ಎಂದು ಗುರುಸಿದ್ಧಪ್ಪ ಹಳೇ ರೂಢಿಯಲ್ಲಿ ಎದ್ದ. ನಾನು ವಾಲಿದೆ. ಕೆಳಗೆ ಆಳು ಮುಳುಗುವಷ್ಟು ಕೆಸರು.

"ಕುಂದರ್ರಿ!" ಶಾಂತವ್ವ ಚೀರಿದಳು. ಗಂಡನ ಮೇಲೆ ಅವಳು ದನಿ ಎತ್ತಿದ್ದು ಅದೇ ಮೊದಲಿರಬೇಕು. ಆತ ಧೊಪ್ಪನೆ ಕೂತ. ತೊಡೆಯ ಮೇಲೆ ಬಿದ್ದಿದ್ದ ಎಡಗೈಯನ್ನೇ ನೋಡುತ್ತ, "ಬಸ್ ಕೆಟ್ಟಾಗೂ ಮಂದೀನ ನಡುದಾರ್ಯಾಗ ಬಿಟ್ಟಾಂವ ಅಲ್ಲ ನಾ. ಈಗ ನಾನ ಲಗೇಜ್ ಆಗೀನಿ" ಎಂದ.

"ಲಗೇಜ್ ಮಾತಾಡೂದಿಲ್ರಿ. ನೀವು ಮುಂಜಾನಿಂದ ಬಾಯಿ ಮುಚ್ಚಿಲ್ಲ. ಆ ಬೇರು ಕಾಣಸ್ತೈತಲ್ಲ, ಬಲಗೈಲೆ ಒತ್ತರಿ. ನಾ ಹಿಂದಕ್ಕ ಎಳೀತೀನಿ."

ಆತ ಒತ್ತಿದ. ಅವಳು ಕೆಸರಿಗೆ ಹುಟ್ಟು ಊರಿ ಎಳೆದಳು. ಮೂರು ಸಲ ಏನೂ ಆಗಲಿಲ್ಲ. ಆಮೇಲೆ ಕರ್ರೆಂದು ನನ್ನ ತಳ ಗೀರಿಕೊಂಡು ಬಿಡಿಸಿಕೊಂಡಿತು. ನೀರಿಗೆ ಬಿದ್ದೆವು.

ಆತ ಕೈಗಂಟಿದ ಕೆಸರನ್ನು ನೀರಲ್ಲಿ ತೊಳೆದುಕೊಂಡ. ತಿರುವಿನಲ್ಲಿ ಕತ್ತು ಚಾಚಿ ನೋಡಿ, "ಮುಂದ ಖಾಲಿ ಐತಿ. ರೈಟ್, ರೈಟ್!" ಎಂದು ಕೂಗಿದ. ಶಾಂತವ್ವ ನಕ್ಕ ನಗೆಗೆ ನಾನೂ ಅಲುಗಾಡಿದೆ. ದಂಡೆಯಲ್ಲಿ ಕಾದು ಕಂಗಾಲಾಗಿದ್ದ ಗಿರಿಜಾ ಅಳುವ ಹಾಗಿದ್ದಳು. "ಅಂಜಬ್ಯಾಡ" ಎಂದ ಅಪ್ಪ. "ನಿಮ್ಮವ್ವ ಡ್ರೈವರ್. ನಾ ಕಂಡಕ್ಟರ್."

ಮರುವರ್ಷವೂ ಬಂದರು. ಅದರ ಮುಂದಿನ ವರ್ಷ ಶಾಂತವ್ವ ಒಬ್ಬಳೇ ಬಂದಳು. ಮುಂದೆ ಭಾರವಿಲ್ಲದೆ ನನ್ನ ಮೂತಿ ಮೇಲೆದ್ದು ದಿಕ್ಕು ತಪ್ಪುತ್ತಿತ್ತು. ಮಾದೇವಿ ಅಲ್ಲೊಂದು ಮರಳಿನ ಚೀಲ ಇಡಲು ಬಂದಳು. "ಬ್ಯಾಡವ್ವ, ಹಂಗ ಇರ್ಲಿ" ಎಂದು ಶಾಂತವ್ವ ಎರಡೂ ಬದಿಗೆ ಹುಟ್ಟು ಹಾಕುತ್ತ ಆ ಕವಲಿನವರೆಗೂ ಹೋಗಿ ಬಂದಳು.

ಬರಬರುತ್ತ ನನ್ನ ತಳದ ಗೀರು ಬಿರುಕಾಯಿತು. ತೇಪೆ ನಿಲ್ಲಲಿಲ್ಲ. ಈಗ ನಾನು ಡೇರೆಗಳ ಹಿಂದೆ ಮರದ ನೆರಳಲ್ಲಿದ್ದೇನೆ. ಮಾದೇವಿ ನನ್ನೊಳಗೆ ಕೆಸರು ತುಂಬಿ ಕಾಂಡ್ಲಾ ಸಸಿ ಬೆಳೆಸುತ್ತಾಳೆ. ದೊಡ್ಡವಾದ ಮೇಲೆ ಕಿತ್ತು, ಖಾಲಿ ದಂಡೆಯಲ್ಲಿ ನೆಡುತ್ತಾಳೆ. ನಾನು ಕರೆದೊಯ್ದವರೆಲ್ಲ ಸಂಜೆಗೆ ಮರಳುತ್ತಿದ್ದರು. ಇವು ಹೋದಲ್ಲೇ ನಿಲ್ಲುತ್ತವೆ.